ಅಪ್ಪ ಇಟ್ಟಿಗೆಯಾದ ದಿನ

ನಾನು ಚಿಕ್ಕವಳಿದ್ದಾಗ, ಎರಡನೇ ತರಗತಿಯೋ ಮೂರನೆಯದೋ ಓದುತ್ತಿದ್ದೆ, ತೀರ್ಥಹಳ್ಳಿಯ ನಮ್ಮ ಮನೆಗೆ ಒಂದು ಇಂಗ್ಲಿಷ್ ಚೀಟಿ ಬಂತು. ಅಂಗೈ ಅಗಲದ ಆ ಕಾಗದದಿಂದಾಗಿ ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಮ್ಮಪ್ಪ ಬಂಗಲೆಗಳಲ್ಲಿ ಅಡುಗೆ ಮಾಡುತ್ತಿದ್ದ. ಬಂದಿಳಿದ ದೊರೆಗಳಿಗೆ ಸೂಪು, ಕಟ್ಲೆಟ್ಟು, ಕೆಂಡದ ಮೇಲೆ ಕಾಯಿಸಿದ ಬ್ರೆಡ್ಡು ಮಾಡಿಕೊಡುವುದು ಅವನ ಕೆಲಸ. ಆ ವರ್ಷ ಮಳೆ ಬಿಟ್ಟ ಮೇಲೆ ಆಗುಂಬೆಗೆ ಚಿಟ್ಟೆ ಹಿಡಿಯುವ ದೊರೆಯೊಬ್ಬ ಬಂದ. ಉದ್ದ ಕೋಲಿನ ಬಲೆ ಹಿಡಿದು ದಿನವಿಡೀ ಕಾಡು ಸುತ್ತುತ್ತಿದ್ದನಂತೆ. ಅಪ್ಪ ಮೂರು ತಿಂಗಳು ಅವನ ಜೊತೆಗಿದ್ದ. ದೊರೆ ಜ್ವರ ಬಂದು ಮಲಗಿದಾಗ ತೀರ್ಥಹಳ್ಳಿಯವರೆಗೆ ನಡೆದು ಬಂದು ಔಷಧಿ ಒಯ್ದವನೂ ಅಪ್ಪನೇ. ಕೆಲಸ ಮುಗಿಸಿ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಡುವಾಗ ದೊರೆ ಎರಡು ಸಾಲು ಗೀಚಿ ಅಪ್ಪನ ಕೈಗಿಟ್ಟಿದ್ದ.

ಆ ಚೀಟಿಗೆ ಚಿಟ್ಟೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯ ಖಾರ ವಾಸನೆಯಿತ್ತು. ನಾನು ಅದನ್ನು ಮತ್ತೆ ಮತ್ತೆ ಮೂಸಿ ನೋಡಿದೆ. ಒಬ್ಬ ದೊರೆ ಕೊಟ್ಟ ಚೀಟಿ ನೋಡಿಯೇ ಇನ್ನೊಬ್ಬ ಸಾಹೇಬ ಕೆಲಸ ಕೊಡುತ್ತಿದ್ದ ಕಾಲ ಅದು. ಅವತ್ತೇ ಸಂಜೆ ನಾಲ್ಕಕ್ಕೆ ಅಪ್ಪ ಅದನ್ನು ಊರಿಗೆ ಹೊಸದಾಗಿ ಬಂದ ಇಂಜಿನಿಯರ್ ಸಾಹೇಬರಿಗೆ ತೋರಿಸಬೇಕಿತ್ತು. ಅವರಿಗೆ ಕಾಯಂ ಅಡುಗೆಯವನು ಬೇಕಾಗಿತ್ತು.

ತೋರಿಸುವ ಮೊದಲು ಏನಿದೆಯೆಂದು ತಿಳಿಯೋಣ ಅಂತ ಅಪ್ಪ ಬೆಳಿಗ್ಗೆ ಅಡಿಕೆ ಮಂಡಿಯ ಗುಮಾಸ್ತನ ಹತ್ತಿರ ಹೋದ. ನಾನೂ ಅವನ ಕೈ ಹಿಡಿದು ಹೋದೆ. ಗುಮಾಸ್ತ ಚೀಟಿಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದ.

"ಎಂತ ಬರ್ದಿದಾನೆ ಮಾರಾಯ, ಕಾಗೆ ಕಾಲು ಇದ್ದಂಗಿದೆ. ಇದು ಕುಕ್ಕೋ ಕ್ರುಕ್ಕೋ? ಕುಕ್ ಅಂದ್ರೆ ಅಡುಗೆಯವ, ಕ್ರುಕ್ ಅಂದ್ರೆ ಮೋಸಗಾರ." ಬೆರಳು ಮುಂದೆ ಸರಿಸಿ ತಡೆದ. "ಈ ಕೊನೇದು ಟ್ರಿಕ್ ಇರ್ಬೇಕು. ಟ್ರಿಕ್ ಅಂದ್ರೆ ತಂತ್ರ, ಕಪಟ. ದೊರೆಗೂ ನಿಂಗೂ ಎಂತಾದ್ರೂ ಆಗಿತ್ತಾ?"

ಅಪ್ಪನ ಮುಖ ಬಿಳಿಚಿಕೊಂಡಿತು. ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದ. ಒಂದು ಸಲ ದೊರೆಯ ಭೂತಗನ್ನಡಿ ಕಾಣೆಯಾಗಿತ್ತಂತೆ. ನೀನು ನೋಡಿದೆಯಾ ಎಂದು ದೊರೆ ಎರಡು ಬಾರಿ ಕೇಳಿದ್ದನಂತೆ. ಮೂರನೇ ದಿನ ಅದು ಅವನದೇ ಕೋಟಿನ ಹರಿದ ಜೇಬಿನೊಳಗೆ ಸಿಕ್ಕಿತು. ದೊರೆ ನಕ್ಕು ಸುಮ್ಮನಾಗಿದ್ದ.

"ಆ ನಗು ಬರೀ ಬಾಯಲ್ಲಿತ್ತೇನೋ ಅಂತ ಈಗ ಅನ್ಸ್ತಿದೆ" ಎಂದ ಅಪ್ಪ.

ಅಮ್ಮ ಇನ್ನೊಂದು ಕತೆ ನೆನಪಿಸಿದಳು. ಯಾವುದೋ ಊರಿನ ಅಡುಗೆಯವನಿಗೆ ಒಬ್ಬ ದೊರೆ "ಇವನನ್ನು ಮನೆಗೆ ಸೇರಿಸಬೇಡಿ" ಎಂದು ಬರೆದುಕೊಟ್ಟಿದ್ದನಂತೆ. ಓದಲು ಬಾರದ ಆತ ಅದನ್ನೇ ಹೆಮ್ಮೆಯಿಂದ ಬಂಗಲೆ ಬಂಗಲೆಗೂ ತೋರಿಸುತ್ತ ತಿರುಗಿದನಂತೆ. ಅದನ್ನು ಕೇಳಿದ ಮೇಲೆ ನನಗೆ ನುಸಿಗುಳಿಗೆಯ ವಾಸನೆಯೂ ಹೆದರಿಕೆ ಹುಟ್ಟಿಸತೊಡಗಿತು.

ಅಕ್ಕ ಆಗ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಳು. ಅವಳಿಗೆ ಗುಮಾಸ್ತನ ಮೇಲೆ ನಂಬಿಕೆಯಿರಲಿಲ್ಲ. ಅವಳ ಶಾಲೆಯ ಮೇಷ್ಟರು ಬೇರೆ ಊರಿಗೆ ಹೋಗಿದ್ದರು. ಅವರ ಹೆಂಡತಿಯನ್ನು ಕೇಳಿ ದಪ್ಪನೆಯ ಅರ್ಥಕೋಶವನ್ನು ಹೊತ್ತು ತಂದಳು. ಜಗಲಿಯಲ್ಲಿ ಕೂತು ಒಂದೊಂದೇ ಅಕ್ಷರ ಕೂಡಿಸಿದಳು.

"ಇದು ಕುಕ್ಕೇ, ಕ್ರುಕ್ ಅಲ್ಲ. ಆ ಇನ್ನೊಂದು ಟ್ರಿಕ್ ಅಲ್ಲಪ್ಪ, ಬ್ರಿಕ್. ಮೊದಲ ಅಕ್ಷರ ಬೇರೆ. ಎರಡನೇ ಸಾಲು ಮಾತ್ರ ನಂಗೂ ಓದಕ್ಕೆ ಬರ್ತಿಲ್ಲ."

"ಬ್ರಿಕ್ ಅಂದ್ರೆ ಎಂತ?"

ಅಕ್ಕ ಹಾಳೆ ತಿರುವಿ ಓದಿದಳು. ಆಮೇಲೆ ತಲೆಯೆತ್ತಲೇ ಇಲ್ಲ.

"ಇಟ್ಟಿಗೆ."

ಯಾರೂ ನಗಲಿಲ್ಲ. "ನನ್ನ ಅಡುಗೆಯವನು ಒಂದು ಇಟ್ಟಿಗೆ" ಎಂದು ಯಾರಾದರೂ ಬರೆಯುತ್ತಾರೆಯೇ? ಅಪ್ಪನಿಗೆ ಬುದ್ಧಿಯಿಲ್ಲ ಎಂದಿರಬೇಕು ಎಂದಳು ಅಮ್ಮ. ಮಾಡಿದ ಬ್ರೆಡ್ಡು ಕಲ್ಲಿನಂತಿತ್ತು ಎಂದಿರಬಹುದೇ ಎಂದು ನಾನು ಕೇಳಿದೆ. ಅಪ್ಪ ಚೀಟಿಯನ್ನು ಎತ್ತಿಕೊಂಡು ಒಲೆಯ ಮುಂದೆ ಹೋಗಿ ನಿಂತ. ಬೆಂಕಿಗೆ ಹಾಕಿಯೇಬಿಡುತ್ತಾನೆ ಎಂದುಕೊಂಡೆ. ಹಾಕಲಿಲ್ಲ.

"ಸುಟ್ರೆ ನಾನೇ ಕಳ್ಳ ಆದಂಗಾಗ್ತದೆ. ಎಂತ ಬರ್ದಿದ್ರೂ ಸಾಹೇಬ್ರೇ ಓದ್ಲಿ" ಎಂದು ಅಂಗಿ ಹಾಕಿಕೊಂಡ.

ಅಕ್ಕನೂ ನಾನೂ ಬೆನ್ನು ಬಿಡದೆ ಹೋದೆವು. ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು, ಸೀಮೆಯಲ್ಲಿ ಓದಿ ಬಂದವರು. ಚೀಟಿ ನೋಡಿದವರೇ ಗೊಳ್ಳನೆ ನಕ್ಕರು. ಅಪ್ಪ ತಲೆ ತಗ್ಗಿಸಿದ. ಅಕ್ಕನಿಗೆ ತಡೆಯಲಾಗಲಿಲ್ಲ.

"ನಮ್ಮಪ್ಪ ಮೋಸಗಾರ ಅಲ್ಲ ಸಾರ್. ಇಟ್ಟಿಗೇನೂ ಅಲ್ಲ!"

ಸಾಹೇಬರ ನಗು ನಿಂತಿತು. ಅಕ್ಕನನ್ನು ಹತ್ತಿರ ಕರೆದರು.

"ಇಟ್ಟಿಗೆ ಅಂತ ಎಲ್ಲಿ ನೋಡಿದೆಯಮ್ಮಾ? ಅರ್ಥಕೋಶದಲ್ಲಾ? ಅದು ಸರಿಯೇ. ಆದ್ರೆ ಇಂಗ್ಲಿಷಿನವರು ಮನೇಲಿ, ಸ್ನೇಹಿತರ ಹತ್ರ ಆಡೋ ಮಾತೇ ಬೇರೆ. ಕಷ್ಟಕಾಲದಲ್ಲಿ ಕೈಬಿಡದ ಮನುಷ್ಯನನ್ನ ಅವರು ಬ್ರಿಕ್ ಅಂತಾರೆ. ನಿಮ್ಮಪ್ಪ ಔಷಧಿ ತಂದು ತನ್ನನ್ನ ಉಳಿಸಿದ ಅಂತಲೂ ಇಲ್ಲಿ ಬರೆದಿದ್ದಾರೆ." ಆಮೇಲೆ ಅಪ್ಪನ ಕಡೆ ತಿರುಗಿದರು. "ನಾಳೆಯಿಂದಲೇ ಬಂದುಬಿಡಪ್ಪ."

ಕೆಲಸ ಸಿಕ್ಕಿತು. ಆದರೆ ಹಿಂದಿರುಗುವಾಗ ಅಪ್ಪ ಖುಷಿಯಾಗಿರಲಿಲ್ಲ. ಹೊಳೆಯ ಹತ್ತಿರ ಬಂಡೆಯ ಮೇಲೆ ಕೂತುಬಿಟ್ಟ. "ಅವ್ರು ನನ್ನ ಬಗ್ಗೆ ಒಳ್ಳೇದು ಬರ್ದ್ರು. ನಾನು ಬೆಳಿಗ್ಗೆಯಿಂದ ಅವ್ರನ್ನ ಬೈದುಕೊಂಡೆ" ಎಂದ. ಅಪ್ಪನ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು.

ಮೊನ್ನೆ ನೀವು ಮೊಮ್ಮಕ್ಕಳು ನಾನು ಮಾಡಿದ ಕಡುಬು ತಿಂದು "ಸಿಕ್ ಅಜ್ಜೀ!" ಅಂದಿರಿ. ಸಿಕ್ ಅಂದರೆ ಕಾಯಿಲೆ, ನಿಮಗೆ ಹೊಟ್ಟೆ ಕೆಟ್ಟಿತೆಂದು ಗಾಬರಿಯಾಗಿ ನಾನು ಓಮದ ನೀರು ಕಾಯಿಸಲು ಎದ್ದಿದ್ದೆ. ನೀವು ಬಿದ್ದು ಬಿದ್ದು ನಕ್ಕು, ಅದು ತುಂಬಾ ಚೆನ್ನಾಗಿದೆ ಅಂತ ಹೇಳುವ ಈಗಿನ ಮಾತು ಎಂದು ಫೋನಿನಲ್ಲಿ ತೋರಿಸಿದಿರಿ. ನಿಮಗೆ ಒಂದು ಮಾತು ಅರ್ಥವಾಗದಿದ್ದರೆ ಅದರ ಎಲ್ಲ ಅರ್ಥಗಳೂ ಕೈಯಲ್ಲೇ ಇವೆ. ಮಾತಾಡಿದವರು ಸಮುದ್ರದಾಚೆ ಇದ್ದರೂ ಆ ಕ್ಷಣವೇ ಬರೆದು ಕೇಳಬಲ್ಲಿರಿ, ತಪ್ಪು ತಿಳಿದಿದ್ದರೆ ಹೇಳಿಕೊಳ್ಳಬಲ್ಲಿರಿ. ಅಪ್ಪ ಆ ವಾರ ಅಕ್ಕನ ಕೈಯಲ್ಲಿ ದೊರೆಗೆ ಕ್ಷಮೆ ಕೇಳಿ ಒಂದು ಕಾಗದ ಬರೆಸಿದ. ಅಕ್ಕ ಅರ್ಥಕೋಶ ನೋಡಿ ನೋಡಿ ಇಂಗ್ಲಿಷಿನಲ್ಲಿ ಬರೆದಳು. ಲಕೋಟೆಗೆ ಹಾಕಿ ಅಂಟಿಸಿದ ಮೇಲೆ, ವಿಳಾಸ ಏನೆಂದು ಬರೆಯುವುದು ಎಂದು ಅವಳು ಕೇಳಿದಳು. ದೊರೆಯ ಊರು ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.