ಒಂದು ಗೇಣು ಹಿಗ್ಗಿದ ಹಗ್ಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಳೆತ್ತರದ ಮೆಕ್ಕೆಜೋಳದ ಹೊಲದೊಳಗಿಂದ ಎಣಿಸುವ ದನಿಯೊಂದು ಕೇಳುತ್ತದೆ. "ಇಪ್ಪತ್ತೊಂಬತ್ತು... ಮೂವತ್ತು... ಮೂವತ್ತೊಂದು." ದನಿ ನಿಲ್ಲುತ್ತದೆ, ಎಡಕ್ಕೆ ಹೊರಳುತ್ತದೆ, ಮತ್ತೆ ಒಂದರಿಂದ ಶುರುವಾಗುತ್ತದೆ. ಹನ್ನೆರಡಕ್ಕೆ ಬಂದಾಗ ಒಣಗರಿಗಳ ಸರಭರ, ಆಮೇಲೆ ನೆಲಕ್ಕೆ ಗೂಟ ಬಡಿಯುವ ಸದ್ದು.

ಗೂಟ ಬಡಿಯುತ್ತಿರುವವರನ್ನು ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ ಕರೆಯುವುದು ಹಗ್ಗದಕ್ಕ ಎಂದು. ವಯಸ್ಸು ಐವತ್ತೆರಡು. ತಲೆಗೆ ಬಿಗಿದ ವಸ್ತ್ರ, ಗಂಡನ ಹಳೇ ತುಂಬುತೋಳಿನ ಅಂಗಿ, ಕಾಲಿಗೆ ಗದ್ದೆ ಬೂಟು. ಕೈಯಲ್ಲೊಂದು ಚೀಟಿ. ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಸಂಶೋಧನಾ ಕಚೇರಿಯ ಕಂಪ್ಯೂಟರ್ ಕಣ್ಣುಮುಚ್ಚಿ ಆರಿಸಿ ಕಳಿಸುತ್ತದೆ. ಹೆಜ್ಜೆ ನಿಂತಲ್ಲಿ ಗೂಟ. ಅಲ್ಲಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ. ಚೌಕದೊಳಗಿನ ತೆನೆಯನ್ನೆಲ್ಲ ಮುರಿದು, ಬಿಡಿಸಿ, ತೂಗಿ, ಹಾಳೆಯಲ್ಲಿ ಬರೆಯಬೇಕು. ಒಂದು ನಾಡಿನ ಹೊಲಗಳು ಎಷ್ಟು ಬೆಳೆಯುತ್ತವೆ ಎಂದು ದೊಡ್ಡವರು ಭಾಷಣದಲ್ಲಿ ಹೇಳುವ ಅಂಕಿ ಹುಟ್ಟುವುದು ಹೀಗೆ, ಯಾರದೋ ಸೊಂಟ ಬಗ್ಗಿದ ಜಾಗದಲ್ಲಿ.

ಹೊಲದ ಯಜಮಾನ ಬದುವಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದಾನೆ. "ಅಕ್ಕ, ನಾಲ್ಕು ಹೆಜ್ಜೆ ಆಚೆ ಹೊಡೀರಿ. ಅಲ್ಲಿ ತೆನೆ ನೋಡಿ, ತೊಡೆ ಗಾತ್ರ ಇದೆ."

"ಚೀಟಿ ಇಲ್ಲೇ ಅಂದಿದೆ."

"ಚೀಟಿ ಏನು ನಿಮ್ಮತ್ತೆನಾ, ಇಷ್ಟು ಹೆದರ್ತೀರಲ್ಲ?"

"ಅತ್ತೆಗೆ ಇಷ್ಟು ಹೆದರಿದ್ದಿದ್ರೆ ಅವರ ಬಾಯಲ್ಲಿ ಒಂದು ಸಲನಾದ್ರೂ ಒಳ್ಳೆ ಮಾತು ಬಂದಿರೋದು. ಸುಮ್ನೆ ಬಂದು ಟೇಪಿನ ಆ ತುದಿ ಹಿಡೀರಿ."

ಹೌದು, ಟೇಪು. ಹಗ್ಗದಕ್ಕನ ಕೈಯಲ್ಲಿ ಈಗ ಹಗ್ಗವಿಲ್ಲ. ಹೊಚ್ಚಹೊಸ ಉಕ್ಕಿನ ಟೇಪು ಇದೆ. ಯಜಮಾನನಿಗೆ ಅದೊಂದು ತಮಾಷೆ. "ಹಗ್ಗ ಎಲ್ಲಿ ಹೋಯ್ತು?" ಎನ್ನುತ್ತಾನೆ. "ರಿಟೈರ್ ಆಯ್ತು. ನನಗಿಂತ ಮೊದಲೇ," ಎಂದು ಅವರು ನಗುತ್ತಾರೆ. ನಕ್ಕ ಮುಖ ಬೇಗ ಗಂಟಾಗುತ್ತದೆ. ಆ ಹಗ್ಗದ ಕತೆ ಅಷ್ಟು ಹಗುರದ್ದಲ್ಲ.

ಹಗ್ಗದಕ್ಕ ಓದಿದ್ದು ಆರನೇ ತರಗತಿ. ಹದಿನಾಲ್ಕಕ್ಕೆ ರಸ್ತೆ ಕೆಲಸಕ್ಕೆ ಸೇರಿ ಜಲ್ಲಿ ಹೊತ್ತರು, ಕುದಿಯುವ ಡಾಂಬರಿನ ಡಬ್ಬ ಹಿಡಿದರು. ಎಡ ಮುಂಗೈಯ ಮೇಲೆ ಈಗಲೂ ಅದರ ಕಪ್ಪು ಕಲೆ ಇದೆ. ಮೂವತ್ತಮೂರರಲ್ಲಿ ಈ ಕಚೇರಿಗೆ ದಿನಗೂಲಿಯ ಮೇಲೆ ಬಂದರು. ಹತ್ತೊಂಬತ್ತು ವರ್ಷ ಕಳೆದರೂ ದಿನಗೂಲಿಯೇ. ಸುಗ್ಗಿ ಬಂದರೆ ಕರೆ ಬರುತ್ತದೆ, ಸುಗ್ಗಿ ಮುಗಿದರೆ ಮನೆ. ದಿನಕ್ಕೆ ನಾಲ್ಕು ಚೌಕ, ಹನ್ನೆರಡು ಕಿಲೋಮೀಟರ್ ನಡಿಗೆ, ಮುರಿಯುವ ತೆನೆ ಐನೂರರ ಮೇಲೆ. ಒಮ್ಮೆ ಚೀಟಿ ಅವರನ್ನು ಬರೀ ಬಂಡೆಯ ಮೇಲೆ ತಂದು ನಿಲ್ಲಿಸಿತ್ತು. ಬೇರೆಯವರಾಗಿದ್ದರೆ ಪಕ್ಕಕ್ಕೆ ಸರಿಯುತ್ತಿದ್ದರು. ಅವರು ಬಂಡೆಯ ಸುತ್ತ ಹಗ್ಗ ಹಾಸಿ, ಹಾಳೆಯಲ್ಲಿ ಸೊನ್ನೆ ಬರೆದು ಬಂದರು. "ಸೊನ್ನೆನೂ ಬೆಳೆಯೇ. ಹೊಲದಲ್ಲಿ ಬಂಡೆ ಇಲ್ಲ ಅಂತ ನಾನು ಹೇಗೆ ಹೇಳ್ಲಿ?"

ನಾಲ್ಕು ವರ್ಷದ ಹಿಂದೆ ಕಾಡಂಚಿನ ಈ ಊರುಗಳಿಗೆ ಟಾರು ರಸ್ತೆ ಬಂತು. ಅದರ ಹಿಂದೆಯೇ ಒಂದು ಸಂಶೋಧನೆಯೂ ಬಂತು. ರಸ್ತೆ ಬಂದರೆ ಕಾಡು ಉಳಿಯುತ್ತದೋ ಅಳಿಯುತ್ತದೋ? ಒಂದು ವಾದ ಹೀಗಿದೆ: ರಸ್ತೆ ಬಂದರೆ ಗೊಬ್ಬರ, ಬೀಜ, ಮಾರುಕಟ್ಟೆ ಎಲ್ಲ ಹತ್ತಿರವಾಗುತ್ತದೆ, ಇದ್ದ ಹೊಲವೇ ಹೆಚ್ಚು ಬೆಳೆಯುತ್ತದೆ, ಆಗ ಯಾರೂ ಕೊಡಲಿ ಹಿಡಿದು ಕಾಡಿಗೆ ನುಗ್ಗುವುದಿಲ್ಲ. ಮರ ಎಣಿಸಲು ಉಪಗ್ರಹವಿತ್ತು. ಹೊಲ ತೂಗಲು ಹಗ್ಗದಕ್ಕ ಇದ್ದರು. ರಸ್ತೆ ಪಕ್ಕದ ಊರುಗಳಲ್ಲಿ ಸುಗ್ಗಿಗೆ ಅರವತ್ತನಾಲ್ಕು ಚೌಕ, ರಸ್ತೆಯಿಲ್ಲದ ದೂರದ ಊರುಗಳಲ್ಲಿ ಇನ್ನೂ ಅರವತ್ತನಾಲ್ಕು. ರಸ್ತೆ ಕಡೆಗೊಂದು ನೈಲಾನ್ ಹಗ್ಗ, ದೂರದ ಕಡೆಗೆ ಅಂಥದ್ದೇ ಇನ್ನೊಂದು. ಎರಡರಲ್ಲೂ ಐದೈದು ಮೀಟರಿಗೆ ಕೆಂಪು ಗಂಟು.

ಮೂರು ಸುಗ್ಗಿ ಕಳೆಯಿತು. ದೂರದ ಊರುಗಳಲ್ಲಿ ಇಳುವರಿ ನೂರಕ್ಕೆ ಒಂದು ಏರಿತ್ತು. ರಸ್ತೆ ಪಕ್ಕದಲ್ಲಿ ಮೊದಲ ವರ್ಷ ಮೂರು, ಎರಡನೇ ವರ್ಷ ಆರು, ಮೂರನೇ ವರ್ಷ ಒಂಬತ್ತು. ಮೆಟ್ಟಿಲು ಕಟ್ಟಿದಂತೆ ಮೇಲೇರುವ ಆ ಗೆರೆಯನ್ನು ನೋಡಿ ಕಚೇರಿಯಲ್ಲಿ ಸಿಹಿ ಹಂಚಿದರು. ಇದೇ ಗೆರೆಯ ಬಲದ ಮೇಲೆ ಕಾಡಿನ ನಟ್ಟನಡುವೆ ಇನ್ನೂ ನಲವತ್ತು ಕಿಲೋಮೀಟರ್ ರಸ್ತೆ ಹಾಕುವ ತೀರ್ಮಾನವೂ ತಯಾರಾಗಿತ್ತು. ವರದಿಯ ಮುಖಪುಟಕ್ಕೆ ಆಕಾಶದಿಂದ ತೆಗೆದ ಚಿತ್ರ. ಒಳಗೆ ಕೃತಜ್ಞತೆಯ ಪುಟದಲ್ಲಿ ಇಪ್ಪತ್ತಾರು ಹೆಸರು, ಉಪಗ್ರಹದವರಿಗೂ ವಂದನೆ. ಮೇಲಿನಿಂದ ನೋಡಿದ್ದಕ್ಕೆ ಹೆಸರಿದೆ. ಸೊಂಟ ಬಗ್ಗಿಸಿ ನೋಡಿದ್ದಕ್ಕಿಲ್ಲ.

ಆ ಒಂಬತ್ತು ಕುಸಿದುಬಿದ್ದದ್ದು ಒಂದು ಸಾ ಮಿಲ್ಲಿನಲ್ಲಿ.

ಹಗ್ಗದಕ್ಕನ ಗಂಡ ಅಲ್ಲಿ ಮರ ಕೊಯ್ಯುತ್ತಾರೆ. ಹೆಂಡತಿ ಕಾಡಿನ ಲೆಕ್ಕದ ಕಚೇರಿಯಲ್ಲಿ, ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ. "ನಮ್ಮನೇಲಿ ಎರಡೂ ಪಾರ್ಟಿ ಇದೆ," ಎಂದು ಅವರೇ ನಗುತ್ತಾರೆ. ಮೂರನೇ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದವರು, ತೊಳೆದ ರಸ್ತೆ ಕಡೆಯ ಹಗ್ಗವನ್ನು ಬಿಸಿಲಿಗೆಂದು ಹಲಗೆಗಳ ಮೇಲೆ ಹಾಸಿದರು. ಐದು ಮೀಟರಿನ ಹಲಗೆಗಳವು. ಗಂಡ ತುತ್ತು ಬಾಯಿಗಿಡುತ್ತಾ ಹೇಳಿದರು, "ಏನೇ, ನಿನ್ನ ಗಂಟು ನಮ್ಮ ಹಲಗೆ ದಾಟಿ ಹೋಗಿದೆಯಲ್ಲ."

"ನಿಮ್ಮ ಹಲಗೆ ಗಿಡ್ಡ ಇರ್ಬೇಕು."

"ಮಿಷನ್ ಕೊಯ್ದಿದ್ದು ಕಣೇ. ಒಂದು ಬೆರಳು ಕಮ್ಮಿ ಆದ್ರೆ ಲೋಡು ವಾಪಸ್ ಬರತ್ತೆ."

ಇನ್ನೊಂದು ಹಲಗೆಗೆ ಹಿಡಿದರು. ಮತ್ತೊಂದಕ್ಕೆ, ನಾಲ್ಕನೆಯದಕ್ಕೆ. ಪ್ರತಿ ಸಲವೂ ಕೆಂಪು ಗಂಟು ಹಲಗೆಯ ತುದಿ ದಾಟಿ ಒಂದು ಗೇಣು ಆಚೆ ಬೀಳುತ್ತಿತ್ತು. ಡಬ್ಬಿಯ ಅನ್ನ ಆರಿತು. ಹಗ್ಗದಕ್ಕ ಆ ಗೇಣನ್ನೇ ನೋಡುತ್ತಾ ನಿಂತರು.

ಹಗ್ಗ ಹಿಗ್ಗಿದ್ದು ಹೇಗೆಂದು ಅವರಿಗೆ ಆ ಕ್ಷಣವೇ ಹೊಳೆಯಿತು. ರಸ್ತೆ ಬಂದ ಮೇಲೆ ಆ ಕಡೆಗೆ ಕಚೇರಿಯ ಜೀಪು ಓಡಾಡತೊಡಗಿತ್ತು. ಕಾಳಿನ ಮೂಟೆಗಳು ಜೀಪಿನ ನೆತ್ತಿಯ ಮೇಲೆ. ಕಟ್ಟಲು ಬೇರೆ ಹಗ್ಗ ಕೊಡಿ ಎಂದು ಕೇಳಿದರೆ ಕಚೇರಿ ಕೊಡಲಿಲ್ಲ. "ಇದರಲ್ಲೇ ಬಿಗಿದುಬಿಡೋಣ ಅಕ್ಕ," ಎಂದು ಡ್ರೈವರ್ ಅಳತೆಯ ಹಗ್ಗಕ್ಕೆ ಕೈ ಹಾಕಿದ. ಹಗ್ಗದಕ್ಕ ಬೇಡ ಎನ್ನಲಿಲ್ಲ. ಮೂರು ಸುಗ್ಗಿ ಹಗ್ಗ ಮೂಟೆಗಳ ಭಾರಕ್ಕೆ ಜಗ್ಗುತ್ತಾ ಆ ನುಣುಪು ರಸ್ತೆಯಲ್ಲಿ ಓಡಿತು. ದೂರದ ಊರುಗಳಿಗೆ ಜೀಪು ಹೋಗುವುದಿಲ್ಲ. ಅಲ್ಲಿಯ ಹಗ್ಗ ಅವರ ಹೆಗಲ ಮೇಲೆಯೇ ತಣ್ಣಗಿತ್ತು, ಸರಿಯಾಗಿಯೇ ಇತ್ತು. ಹಗ್ಗವನ್ನು ಎಳೆದದ್ದು ರಸ್ತೆ. ಹಿಗ್ಗಿದ ಹಗ್ಗದ ಚೌಕ ದೊಡ್ಡದು, ದೊಡ್ಡ ಚೌಕದಲ್ಲಿ ತೆನೆ ಹೆಚ್ಚು. ಆ ಹೆಚ್ಚನ್ನೇ ಹೊಲದ ಫಲವೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು.

ಸುಗ್ಗಿಗೆ ಮೊದಲು ಹಗ್ಗವನ್ನು ಉಕ್ಕಿನ ಟೇಪಿಗೆ ಹಿಡಿದು ನೋಡಬೇಕೆಂಬ ನಿಯಮವೇನೋ ಇದೆ. ಟೇಪು ಕಚೇರಿಯ ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೈ ಗುಮಾಸ್ತರ ಹತ್ತಿರ. ಎರಡು ವರ್ಷ ಹಗ್ಗದಕ್ಕ ಹೋಗಿ ಕೇಳಿದ್ದಾರೆ. ಎರಡು ವರ್ಷವೂ ಗುಮಾಸ್ತರು ತಲೆಯೆತ್ತದೆ ಹೇಳಿದ್ದು ಒಂದೇ ಮಾತು: "ಹೋದ ವರ್ಷ ಸರಿ ಇತ್ತಲ್ಲಮ್ಮ. ಹಗ್ಗ ಏನು ಜೋಳನಾ, ಬೆಳೆಯೋಕೆ?"

ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮೊದಲು ಹೋಗುವುದು ತನ್ನದೇ ಕೂಲಿ. ಮೂರು ದಿನ ಹಗ್ಗ ಮನೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ನಾಲ್ಕನೇ ದಿನ ಹಗ್ಗದಕ್ಕ ಅದನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದರು.

ಸಂಶೋಧನೆಯನ್ನು ನಡೆಸುವ ಮೇಡಂಗೆ ಇನ್ನೂ ಮೂವತ್ತು ದಾಟಿಲ್ಲ. ಇಬ್ಬರೂ ಕಚೇರಿಯ ಮೊಗಸಾಲೆಯಲ್ಲಿ ಹಗ್ಗ ಹಾಸಿದರು. ಬೀರುವಿನಿಂದ ಟೇಪು ಹೊರಗೆ ಬಂತು. ಐದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಮೇಡಂ ಟೇಪನ್ನು ಇನ್ನೊಂದು ಸಲ ಹಿಡಿದು ನೋಡಿದರು. ಅವರ ಮೂರು ವರ್ಷವೂ ಆ ಹಗ್ಗದಲ್ಲಿತ್ತು.

"ಅಕ್ಕ, ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಮ್ಮನೆಯವರಿಗೆ ಗೊತ್ತಲ್ಲ ಮೇಡಂ. ದಿನಾ ಅವರ ಮುಂದೆ ಊಟಕ್ಕೆ ಕೂರ್ಬೇಕು ನಾನು."

ಕಚೇರಿಯ ಹಿರಿಯ ಸಾಹೇಬರಿಗೆ ಇದು ಅಂಥ ದೊಡ್ಡ ವಿಷಯವಾಗಿ ಕಾಣಲಿಲ್ಲ. ಹಿಗ್ಗಿದ್ದಷ್ಟನ್ನು ಭಾಗಾಕಾರ ಮಾಡಿ ಕಳೆದುಬಿಡಿ, ಮುಗಿಯಿತು ಎಂದರು. ಬಾಗಿಲಲ್ಲಿ ನಿಂತಿದ್ದ ಹಗ್ಗದಕ್ಕ ಬಾಯಿ ತೆರೆದರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವರಾಡಿದ ಮೊದಲ ಮಾತು ಅದು. "ಸರ್, ಯಾವ ವಾರ ಎಷ್ಟು ಹಿಗ್ಗಿತು ಅಂತ ಹಗ್ಗ ಬರೆದಿಟ್ಟಿಲ್ಲ."

ನಿಜವೇ. ಮೊದಲ ಸುಗ್ಗಿಯ ಹಗ್ಗ ಎಷ್ಟುದ್ದ ಇತ್ತು, ಎರಡನೆಯದರಲ್ಲಿ ಎಷ್ಟು, ಯಾರು ಬಲ್ಲರು? ರಸ್ತೆ ಕಡೆಯ ನೂರ ತೊಂಬತ್ತೆರಡು ಚೌಕಗಳೂ ಕಸದ ಬುಟ್ಟಿಗೆ ಹೋದವು. ಅಷ್ಟನ್ನೂ ಬಿಸಿಲಲ್ಲಿ ಬಗ್ಗಿ ತೂಗಿದ್ದು ಅವರೇ. ಮೇಡಂ ಜಗಳವಾಡಿ ತೀರ್ಮಾನವನ್ನು ಒಂದು ಸುಗ್ಗಿ ಮುಂದೂಡಿಸಿದರು. ಈಗ ನಡೆಯುತ್ತಿರುವುದು ಆ ಸುಗ್ಗಿ.

ಬುಟ್ಟಿಗೆ ಹೋಗುವ ಮೊದಲು ಹಳೇ ಹಾಳೆಗಳನ್ನು ಜೋಡಿಸುವಾಗ ಮೇಡಂ ಒಂದನ್ನು ಆಕಸ್ಮಿಕವಾಗಿ ಮಗುಚಿದರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ "ಬುಡ 2" ಎಂದಿತ್ತು. ಇನ್ನೊಂದರ ಹಿಂದೆ "ಬುಡ 1, ಸುಟ್ಟಿದ್ದು". ಚೌಕದೊಳಗೆ ಕಡಿದ ಮರದ ಬುಡ ಸಿಕ್ಕಾಗಲೆಲ್ಲ ಹಗ್ಗದಕ್ಕ ಬರೆದಿಟ್ಟಿದ್ದರು. ಹಾಳೆಯ ಮುಂಬದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಿಂಬದಿಯನ್ನು ಮೂರು ವರ್ಷ ಯಾರೂ ನೋಡಿರಲಿಲ್ಲ. ರಸ್ತೆ ಪಕ್ಕದ ಮೂವತ್ತಮೂರು ಚೌಕಗಳಲ್ಲಿ ಬುಡಗಳಿದ್ದವು. ದೂರದ ಊರುಗಳಲ್ಲಿ ನಾಲ್ಕರಲ್ಲಿ. ಹಗ್ಗ ಎಷ್ಟೇ ಹಿಗ್ಗಿದರೂ ಇಷ್ಟು ಅಂತರ ಬರುವುದಿಲ್ಲ.

"ಹಾಗಾದ್ರೆ ಈ ರಸ್ತೇಲಿ ಈಗ ಲಾರಿಗಟ್ಟಲೆ ಹೆಚ್ಚು ಜೋಳ ಪೇಟೆಗೆ ಹೋಗ್ತಿರೋದು..." ಎಂದು ಮೇಡಂ ಅರ್ಧಕ್ಕೆ ನಿಲ್ಲಿಸಿದರು.

"ಹೊಲ ಹೆಚ್ಚು ಕೊಡ್ತಿಲ್ಲ ಮೇಡಂ, ಹೊಲಗಳೇ ಹೆಚ್ಚಾಗಿವೆ," ಎಂದರು ಹಗ್ಗದಕ್ಕ.

ಎಷ್ಟೋ ಪುಟದ ವರದಿಗೆ ಹೊಳೆಯದ್ದು ಇಷ್ಟೇ. ಉಪಗ್ರಹಕ್ಕೆ ಮೇಲಿನಿಂದ ಮರವೂ ಹಸಿರೇ, ಜೋಳವೂ ಹಸಿರೇ. ಕೇಳಿದ್ದರೆ ಮೊದಲ ವರ್ಷವೇ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ರಸ್ತೆಯ ಮೇಲೆ ಅವರಿಗೆ ಹಗೆಯೇನೂ ಇಲ್ಲ. ತಂಗಿಗೆ ಹೆರಿಗೆ ಕಷ್ಟವಾದಾಗ ಆಸ್ಪತ್ರೆ ಮುಟ್ಟಿಸಿದ್ದು ಇದೇ ರಸ್ತೆ. "ರಸ್ತೆ ಬೇಡ ಅಂತ ನಾನು ಯಾಕೆ ಹೇಳ್ಲಿ? ಜಲ್ಲಿ ಹೊತ್ತೋಳು ನಾನು. ಹಾಕೋದಾದ್ರೆ ಹಾಕ್ಲಿ. ನನ್ನ ಹಗ್ಗದ ಮೇಲೆ ಹಾಕೋದು ಬೇಡ."

ಹೊಸ ವರದಿಯ ಕರಡು ಬಂದಿದೆ. ಅಂಕಿ ಬರೆಯುವ ಜಾಗ ಇನ್ನೂ ಖಾಲಿ. ಆದರೆ ನಲವತ್ತೆರಡನೇ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಂದು ವಾಕ್ಯ ಈಗಲೇ ಅಚ್ಚಾಗಿ ಕೂತಿದೆ: ಕ್ಷೇತ್ರ ಸಹಾಯಕಿಯ ಅಳತೆ ದೋಷದಿಂದಾಗಿ ಹಿಂದಿನ ಮೂರು ಸುಗ್ಗಿಗಳ ಅಂಕಿಗಳನ್ನು ಕೈಬಿಡಲಾಗಿದೆ. ಬೇರೆ ಹಗ್ಗ ಕೊಡದ ಕಚೇರಿ ಆ ವಾಕ್ಯದಲ್ಲಿಲ್ಲ. ಬೀರುವಿಗೆ ಬೀಗ ಹಾಕಿದವರಿಲ್ಲ. ಭಾಗಾಕಾರ ಮಾಡಿ ಮುಗಿಸಿ ಎಂದವರಂತೂ ಇಲ್ಲವೇ ಇಲ್ಲ. ಅದನ್ನು ಬದಲಿಸಲು ಮೇಡಂ ಎರಡು ಸಲ ಹೋಗಿ ಬೈಸಿಕೊಂಡು ಬಂದಿದ್ದಾರೆ. ಮುಂದಿನ ಸುಗ್ಗಿಗೆ ಹಗ್ಗದಕ್ಕನನ್ನು ಕರೆಯುತ್ತಾರೆ ಎಂಬ ಖಾತ್ರಿಯೂ ಇಲ್ಲ.

ಮೇಡಂ ಅಳುಕುತ್ತಲೇ ಆ ಸಾಲನ್ನು ಓದಿ ಹೇಳಿದಾಗ ಹಗ್ಗದಕ್ಕ ಇನ್ನೊಂದು ಸಲ ಓದಿಸಿಕೊಂಡರಂತೆ. "ಹತ್ತೊಂಬತ್ತು ವರ್ಷಕ್ಕೆ ಮೊದಲನೇ ಸಲ ಪುಸ್ತಕದಲ್ಲಿ ಬಂದಿದ್ದೀನಿ," ಎನ್ನುತ್ತಾರೆ ಈಗ, ತೆನೆ ಸುಲಿಯುತ್ತಾ. "ಬೈದು ಬರೆದಿದ್ದಾರೆ, ಬರೀಲಿ. ಸುಳ್ಳೇನಲ್ಲ. ಮೂಟೆ ಕಟ್ಟೋಕೆ ಬಿಟ್ಟೋಳು ನಾನೇ ತಾನೇ."

ಬೇಕಾದ್ದು ಏನಾದರೂ ಇದೆಯೇ ಎಂದರೆ ಟೇಪಿನ ಕಡೆ ಕೈ ತೋರಿಸುತ್ತಾರೆ. "ಇದು ಬೀರುಗೆ ವಾಪಸ್ ಹೋಗದೇ ಇದ್ರೆ ಸಾಕು. ನನ್ನ ಹತ್ರನೇ ಇರ್ಲಿ ಅಂತಲ್ಲ, ನನ್ನ ಬದಲು ಯಾರು ಬರ್ತಾರೋ ಅವರ ಹತ್ರ ಇರ್ಲಿ. ಇದರಲ್ಲಿ ಮೂಟೆ ಕಟ್ಟೋಕೂ ಆಗಲ್ಲ, ಕೈ ಕುಯ್ಯತ್ತೆ."

ಬಿಸಿಲು ಬಲಿತಿದೆ. ತಕ್ಕಡಿಯ ಕೊಕ್ಕೆಗೆ ಚೀಲ ತೂಗುಬೀಳುತ್ತದೆ. ಹತ್ತು ಕಿಲೋ ನೂರು ಗ್ರಾಂ. ಇದು ರಸ್ತೆ ಕಡೆಯ ನಲವತ್ತೊಂದನೇ ಚೌಕ. ಇಲ್ಲಿಯವರೆಗಿನ ಸರಾಸರಿ ತೆಗೆದರೆ ಏರಿಕೆ ನೂರಕ್ಕೆ ಒಂದರ ಆಸುಪಾಸು ಎಂದು ಮೇಡಂ ಹೇಳಿದ್ದಾರೆ. ದೂರದ ಊರುಗಳಲ್ಲಿ ಇದ್ದಷ್ಟೇ. ಇನ್ನು ಇಪ್ಪತ್ತಮೂರು ಚೌಕ ಬಾಕಿ.

ಹೊಲದ ಯಜಮಾನ ಇಣುಕಿ ನೋಡುತ್ತಾನೆ. "ಹೋದ ಸಲ ಹನ್ನೊಂದರ ಹತ್ರ ಬಂದಿತ್ತಲ್ಲ ಅಕ್ಕ?"

"ಹೋದ ಸಲ ಹಗ್ಗ ಕೊಟ್ಟಿತ್ತು. ಈ ಸಲ ನಿಮ್ಮ ಹೊಲ ಕೊಟ್ಟಿದೆ."

ಹಗ್ಗದಕ್ಕ ಹಾಳೆಯನ್ನು ಮೊಣಕಾಲ ಮೇಲಿಟ್ಟು ತೂಕ ಬರೆಯುತ್ತಾರೆ. ಚೌಕದ ಮೂಲೆಯಲ್ಲಿ, ಜೋಳದ ದಂಟುಗಳ ನಡುವೆ, ಮೊಣಕಾಲೆತ್ತರದ ಬುಡವೊಂದು ಕಪ್ಪಗೆ ನಿಂತಿದೆ. ಅಭ್ಯಾಸದಂತೆ ಹಾಳೆ ಮಗುಚಲು ಹೋದ ಕೈ ನಡುವೆಯೇ ನಿಲ್ಲುತ್ತದೆ. ಈ ಸಲದ ಹಾಳೆಯ ಮುಂಬದಿಯಲ್ಲೇ, ತೂಕದ ಕೆಳಗೆ, ಮೇಡಂ ಗೆರೆ ಎಳೆದು ಮಾಡಿಸಿದ ಹೊಸ ಮನೆಯೊಂದಿದೆ: ಚೌಕದಲ್ಲಿ ಮರದ ಬುಡ, ಎಷ್ಟು?

ಅವರು ಎದ್ದು ಹೋಗಿ ಬುಡವನ್ನು ಕೈಯಿಂದ ಮುಟ್ಟಿ ನೋಡಿ ಬರುತ್ತಾರೆ. ಆ ಮನೆಯೊಳಗೆ ಒತ್ತಿ "1" ಎಂದು ಬರೆಯುತ್ತಾರೆ, ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ.

"ಹಾಳೆ ಮಗುಚೋ ಕೆಲಸ ತಪ್ತು ನೋಡಿ," ಎನ್ನುತ್ತಾರೆ. ಟೇಪು ಸುತ್ತಿಕೊಳ್ಳುತ್ತಾ ಮುಂದಿನ ಹೊಲದ ಚೀಟಿ ಬಿಚ್ಚುತ್ತಾರೆ.