ನಾಲ್ವರು ಸಾಕು ಎಂದವರು

ಮೊನ್ನೆ ರೋಣದ ಪೇಟೆಯಲ್ಲಿ ಹೊಸ ಪುಂಡಿನಾರಿನ ಹಗ್ಗದ ವಾಸನೆ ಬಂತು. ನಿಂತಲ್ಲೇ ನಿಂತುಬಿಟ್ಟೆ. ಐವತ್ತರ ದಶಕದ ಗಜೇಂದ್ರಗಡ ಕಣ್ಣೆದುರು ತೇಲಿತು... ಗುಡ್ಡದ ಬುಡದಲ್ಲಿ ನಮ್ಮ ಮನೆ, ಪಕ್ಕದಲ್ಲಿ ದಂಡಿನಿಂದ ಮರಳಿ ಬಂದಿದ್ದ ಕಾಕಾ. ಬರ್ಮಾದಲ್ಲಿ ಕಾದಾಡಿದವರಂತೆ. ಮಗ್ಗದ ಮುಂದೆ ಕೂತರೆ ಅವರಿಗೆ ಮಾತೇ ಇರಲಿಲ್ಲ.

ಒಂದು ಬೆಳಿಗ್ಗೆ ಹುಲ್ಲು ತರಲು ಕೋಟೆಗುಡ್ಡ ಹತ್ತಿದ ನನ್ನ ತಂಗಿ ಜಾರಿ, ಕಡಿದಾದ ಬಂಡೆಯ ನಡುವೆ ಹೊರಚಾಚಿದ ಒಂದು ಕಲ್ಲಿನ ಮೇಲೆ ಸಿಕ್ಕಿಕೊಂಡಳು. ಕಾಲು ಮುರಿದಿತ್ತು. ಓಣಿಯ ಗಂಡಸರೆಲ್ಲ ಹಗ್ಗ ಹಿಡಿದು ಓಡಿದರು. ಕಾಕಾ ಅಡ್ಡ ನಿಂತರು.

"ನಾಲ್ಕು ಮಂದಿ ಸಾಕು. ಉಳಿದವ್ರು ದೂರ ಸರೀರಿ."

ಇಬ್ಬರು ನೇಕಾರರು, ತಾವು, ಮತ್ತೆ ಹದಿನೆಂಟರ ನಾನು. "ನೀ ಹಗೂರ ಅದಿ. ನಿನ್ನ ದನಿ ಕೇಳಿದ್ರ ಅಕಿ ಅಲುಗಾಡೂದಿಲ್ಲ," ಎಂದರು. ಹಗ್ಗ ಒಮ್ಮೆ ಜಗ್ಗಿದರೆ ನಿಲ್ಲಿಸುವುದು, ಎರಡು ಸಲ ಜಗ್ಗಿದರೆ ಮೇಲೆತ್ತುವುದು. ಮೊದಲು ತಾಲೀಮಿಗೆಂದು ಕೋಟೆಯ ಮೋಟುಗೋಡೆಯಿಂದ ನನ್ನನ್ನು ಇಳಿಸಿ, ಎತ್ತಿ, ಮತ್ತೆ ಇಳಿಸಿದರು.

ಅವ್ವ ಎದೆ ಬಡಿದುಕೊಂಡಳು. "ಮಗಳು ಅಲ್ಲಿ ಸಾಯಾಕತ್ತಾಳ, ನೀವು ಇಲ್ಲಿ ಆಟ ಆಡಾಕತ್ತೀರೇನ್ರಿ?"

"ಇನ್ನೊಮ್ಮೆ," ಎಂದರು ಕಾಕಾ, ನನ್ನತ್ತ ನೋಡಿ.

ಆಮೇಲೆ ಬಂಡೆ. ಅದು ಈಗಲೂ ಕನಸಿನಂತೆಯೇ ಇದೆ... ಪಾದದ ಕೆಳಗೆ ತೇಲುವ ಹದ್ದು, ದೂರದಲ್ಲಿ ನೀಲಿಗೆ ಕರಗುವ ಎರೆಹೊಲ, ಕಿವಿಯ ತುಂಬ ಗಾಳಿ. ಮೇಲಿನ ಒಂದು ಕೂಗೂ ಕೇಳಿಸಲಿಲ್ಲ. ಕೈ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಸಲ ಜಗ್ಗಿದೆ.

ಸಂಜೆ ಕಾಕಾ ನಮ್ಮ ಕಟ್ಟೆಯ ಮೇಲೆ ಚಹಾ ಹಿಡಿದು ಕೂತರು. ಅವರು ಬರ್ಮಾದ ಮಾತು ಆಡಿದ್ದು ಅದೊಂದೇ ಸಲ. ವೈರಿಯ ಬೆನ್ನ ಹಿಂದೆ ಹೋಗಿ ಒಂದು ಸೇತುವೆ ಉರುಳಿಸಬೇಕಿತ್ತಂತೆ. ಎಂಟು ಜನ ತಿಂಗಳುಗಟ್ಟಲೆ ತಾಲೀಮು ಮಾಡಿದ್ದರಂತೆ.

"ಹೊರಡೂ ದಿನ ಸಾಹೇಬ ಮತ್ತ ಹನ್ನೆರಡು ಮಂದಿ ಕೂಡಿಸಿದ. ಹೆಚ್ಚಿದ್ರ ಚಲೋ ಅಂದ. ಅವ್ರಿಗೆ ನಮ್ಮ ಕೈಸನ್ನಿ ಗೊತ್ತಿಲ್ಲ. ಹೊಳಿ ದಂಡ್ಯಾಗ ಹೊಸಬರಾಗ ಒಬ್ಬ ಹೆಸರ ಹಿಡದು ಕೂಗಿಬಿಟ್ಟ, ವೈರಿಗೆ ಕೇಳಿಸ್ತು... ತಿರುಗಿ ಬಂದವ್ರು ಇಬ್ಬರ." ಚಹಾ ಕೆಳಗಿಟ್ಟು ಹೇಳಿದರು, "ನಾ ಹವಾಲ್ದಾರ ಇದ್ದೆ. ಬ್ಯಾಡ್ರಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ."

ಬೆಳಿಗ್ಗೆ ಬೈದಿದ್ದ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ತಂಗಿಯ ಕಾಲು ಕೂಡಿತು. ಈಗ ಅವಳಿಗೆ ಮೊಮ್ಮಕ್ಕಳು. ಕಾಕಾ ಹೋಗಿ ಎಷ್ಟೋ ವರ್ಷವಾಯಿತು. ಮರಳಿ ಬಾರದ ಆ ಗೆಳೆಯರ ಹೆಸರುಗಳನ್ನು ನಾನು ಕೇಳಲೇ ಇಲ್ಲ. ಕೇಳೋಣವೆಂದರೆ ಈಗ ಹೇಳುವವರು ಯಾರೂ ಉಳಿದಿಲ್ಲ.