ಮೂಲೆಯಲ್ಲಿ ಮೂರು ಮೆಟ್ಟಿಲು

ಅಪ್ಪ ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಲು ಎಂಟು ತಿಂಗಳಿತ್ತು. ಅಷ್ಟರೊಳಗೆ ಕ್ವಾರ್ಟರ್ಸ್ ಬಿಡಬೇಕು. ಶಿವಮೊಗ್ಗದಲ್ಲಿ ಇಪ್ಪತ್ತು-ಮೂವತ್ತರ ಸೈಟೊಂದಿತ್ತು. ನನ್ನ ಗುಮಾಸ್ತಿಕೆ ಆ ಊರಿನಲ್ಲೇ ಆದ್ದರಿಂದ ಮನೆ ಕಟ್ಟಿಸುವ ಭಾರವೂ ನನ್ನ ತಲೆಗೇ ಬಿತ್ತು. ತೊಂಬತ್ತರ ದಶಕದ ಕೊನೆ ಅದು; ನಮ್ಮಲ್ಲಿ ಫೋನೂ ಇರಲಿಲ್ಲ.

ಕೆಳಗೆ ಹಾಲು, ಅಡುಗೆಮನೆ, ಒಂದು ಕೋಣೆ. ಮೇಲಿನ ಕೋಣೆ ಅಕ್ಕನದು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಅವಳ ಎಡಗಾಲಿಗೆ ತೊಡೆಯವರೆಗೂ ಕಬ್ಬಿಣದ ಪಟ್ಟಿಯ ಬೂಟು. ಮೂವತ್ತು ದಾಟಿದರೂ ಕ್ವಾರ್ಟರ್ಸಿನಲ್ಲಿ ಅವಳಿಗೆ ತನ್ನದು ಅಂತ ಇದ್ದದ್ದು ಅಡುಗೆಮನೆ ಬಾಗಿಲ ಪಕ್ಕದ ಮಂಚ ಒಂದೇ. ಅದರ ಮೇಲೆ ಕೂತೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಅವಳಿಗೆ ಮಹಡಿ ಯಾಕೆ ಎಂದು ಅಮ್ಮ ತಕರಾರು ತೆಗೆದಾಗ ಅಕ್ಕ ನಕ್ಕಳು. ಓಲ್ಡ್ ಟೌನಿನ ಟೈಪಿಂಗ್ ಕ್ಲಾಸಿಗೆ ಎರಡು ವರ್ಷ ಮಹಡಿ ಹತ್ತಿ ಹೋದವಳು ಅವಳು.

"ಹತ್ತೋಕೆ ಇಳಿಯೋಕೆ ಬರುತ್ತಮ್ಮ ನಂಗೆ. ತಿರುಗೋ ಕಡೆ ಎರಡೂ ಕಾಲು ಊರೋಕೆ ಜಾಗ ಇದ್ರೆ ಸಾಕು."

ನಾನೂ ಅಲ್ಲೇ ಇದ್ದೆ. ಕೇಳಿಸಿಕೊಂಡಿದ್ದೆ.

ನಕ್ಷೆ ಹಿಡಿದು ನಗರಸಭೆಗೆ ಹೋದರೆ ಅಲ್ಲಿನ ಎಂಜಿನಿಯರು ಮೆಟ್ಟಿಲಿನ ಹತ್ತಿರ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸ್ಸು ಕೊಟ್ಟರು. ಮೆಟ್ಟಿಲು ತಿರುಗುವ ಮೂಲೆಯಲ್ಲಿ ಸಮತಟ್ಟಾದ ಚೌಕ, ಅಂದರೆ ಲ್ಯಾಂಡಿಂಗ್, ಎರಡೂವರೆ ಅಡಿ ಇತ್ತಂತೆ, ಮೂರಡಿ ಬೇಕಂತೆ. ಎರಡನೇ ಸಲ ಅವರು ರಜೆ. ಮೂರನೇ ಸಲ ಅದೇ ನಕ್ಷೆ, ಅದೇ ಮಾತು. ಅರ್ಧ ಅಡಿಗಾಗಿ ಇಷ್ಟು ಅಲೆಸುವವರು ಕೈಬಿಸಿಗೇ ಕಾಯುತ್ತಿದ್ದಾರೆ ಎಂದುಕೊಂಡು ಸೂಚ್ಯವಾಗಿ ಕೇಳಿಯೂಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, ಹಾಲಿನಲ್ಲಿ ಅರ್ಧ ಅಡಿ ಕಡಿಮೆ ಮಾಡಿಕೊಂಡು ಬನ್ನಿ, ಇವತ್ತೇ ಸಹಿ ಹಾಕುತ್ತೇನೆ ಎಂದರು. ಹಾಗೇ ಹಾಕಿದರು ಕೂಡ. ಬಸ್ಸಿನಲ್ಲಿ ಭದ್ರಾವತಿಗೆ ಹೋಗುವ ದಾರಿಯುದ್ದಕ್ಕೂ ನಾನು ಅವರನ್ನು ಬೈದುಕೊಂಡೇ ಹೋದೆ.

ಅಪ್ಪನಿಗೆ ಲ್ಯಾಂಡಿಂಗ್ ಚಿಂತೆಯಿಲ್ಲ. ಅವರದು ಒಂದೇ ಮಾತು: ಮೆಟ್ಟಿಲು ಬೆಸ ಸಂಖ್ಯೆ ಇರಬೇಕು. ಲಾಭ, ನಷ್ಟ, ಲಾಭ, ನಷ್ಟ ಎಂದು ಎಣಿಸುತ್ತ ಹತ್ತಿದರೆ ಕೊನೆಯದು ಲಾಭಕ್ಕೇ ಬರಬೇಕು. ನಕ್ಷೆಯಲ್ಲಿ ಕೆಳಗೆ ಎಂಟು, ಮೇಲೆ ಎಂಟು, ನಡುವಿನ ಲ್ಯಾಂಡಿಂಗ್ ಒಂದು. ಹದಿನೇಳು. ನನಗೆ ನೆಮ್ಮದಿ.

ನಾಳೆ ಬೆಳಿಗ್ಗೆ ಮೆಟ್ಟಿಲಿಗೆ ಕಾಂಕ್ರೀಟು ಅನ್ನುವಾಗ ಮೇಸ್ತ್ರಿ ನನ್ನನ್ನು ಹಲಗೆಗಳ ಹತ್ತಿರ ಕರೆದ. "ಲ್ಯಾಂಡಿಂಗು ಲೆಕ್ಕಕ್ಕೆ ಬರಲ್ಲ ಸಾರ್. ಅದು ನೆಲ, ಮೆಟ್ಲಲ್ಲ. ನಿಮ್ದು ಹದಿನಾರು, ನಷ್ಟಕ್ಕೆ ನಿಲ್ಲುತ್ತೆ."

ಕೇಳೋಣವೆಂದರೆ ಅಪ್ಪ ಎರಡನೇ ಪಾಳಿಯಲ್ಲಿ ಭದ್ರಾವತಿಯಲ್ಲಿದ್ದರು. ಇನ್ನೊಂದು ಮೆಟ್ಟಿಲು ಸೇರಿಸಲು ಜಾಗವಿಲ್ಲ. ಕಾಂಕ್ರೀಟಿನ ಕೆಲಸ ಮುಂದೂಡಿದರೆ ಕ್ವಾರ್ಟರ್ಸ್ ಬಿಡುವ ದಿನ ತಪ್ಪುತ್ತದೆ. ಮೇಸ್ತ್ರಿ ದಾರಿ ತೋರಿಸಿದ: ಲ್ಯಾಂಡಿಂಗನ್ನೇ ಮೂಲೆಯಲ್ಲಿ ಮೂರು ತ್ರಿಕೋನದ ಮೆಟ್ಟಿಲು ಮಾಡಿ, ಮೇಲೆ ಕೆಳಗೆ ಒಂದೊಂದು ತೆಗೆದರಾಯಿತು. ಏಳು, ಮೂರು, ಏಳು. ಅದೂ ಹದಿನೇಳೇ.

ನಗರಸಭೆಯವರು ನೋಡಿದರೆ ಎಂದು ಕೇಳಿದೆ. ಯಾರೂ ಬರುವುದಿಲ್ಲ ಎಂದ. ಹೂಂ ಅಂದೆ. ಅಕ್ಕನ ಕಾಲು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲೇ ಇಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಗೃಹಪ್ರವೇಶದ ದಿನ ಅಪ್ಪ ಲಾಭ-ನಷ್ಟ ಎಣಿಸುತ್ತ ಹತ್ತಿ, ಮೇಲೆ ನಿಂತು ನನ್ನ ಬೆನ್ನು ತಟ್ಟಿದರು. ಅಕ್ಕ ಗೋಡೆಗೆ ಕೈಯೂರಿ ನಿಧಾನವಾಗಿ ಹತ್ತಿದಳು, ತನ್ನ ಕೋಣೆಯ ಕಿಟಕಿ ತೆರೆದು ಮುಚ್ಚಿ ನೋಡಿದಳು. ಊಟಕ್ಕೆ ಇಳಿಯುವಾಗ ಮೂಲೆಯಲ್ಲಿ ನಿಂತುಬಿಟ್ಟಳು. ಕಂಬಿ ಇರುವ ಕಡೆ ಮೆಟ್ಟಿಲು ನಾಲ್ಕು ಬೆರಳಗಲ, ಬೂಟು ಕೂರುವುದಿಲ್ಲ. ಬೂಟು ಕೂರುವ ಕಡೆ ಬೋಳು ಗೋಡೆ, ಹಿಡಿಯಲು ಏನಿಲ್ಲ. ಅತ್ತ ದರಿ, ಇತ್ತ ಪುಲಿ. ಕೆಳಗೆ ಪಂಕ್ತಿಯಲ್ಲಿ ಕೂತವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ನಾನು ಓಡಿಹೋಗಿ ತೋಳು ಹಿಡಿದೆ.

"ಬಿಡೋ. ಎಲ್ರೂ ನೋಡ್ತಿದಾರೆ" ಎಂದಳು. ತಿರುಗಿ ಮೇಲಕ್ಕೇ ಹೋದಳು. ಆವತ್ತು ಎಲೆ ಮೇಲಕ್ಕೆ ಹೋಯಿತು.

ಒಡೆಸೋಣ ಎಂದೆ. ಒಕ್ಕಲಾದ ಮನೆಗೆ ವರ್ಷ ತುಂಬುವ ಮುಂಚೆ ಸುತ್ತಿಗೆ ಹಾಕಬಾರದು ಎಂದರು ಅಪ್ಪ. ವರ್ಷ ತುಂಬಿದ ಮೇಲೆ, ಒಡೆದರೆ ಹದಿನಾರಾಗುತ್ತದಲ್ಲ ಎಂದರು. ಗೋಡೆಗೂ ಒಂದು ಪೈಪು ಹಾಕಿಸಿದೆ. ಹತ್ತಲು ಅನುಕೂಲವಾಯಿತು; ಎರಡೂ ಕಾಲು ಊರಿ ತಿರುಗಲು ಜಾಗವಿಲ್ಲದೆ ಇಳಿಯಲು ಆಗಲಿಲ್ಲ. ಅಕ್ಕ ಬೆಳಿಗ್ಗೆ ಬುತ್ತಿ, ಫ್ಲಾಸ್ಕು ತೆಗೆದುಕೊಂಡು ಹತ್ತಿದರೆ, ಸಂಜೆ ಟ್ಯೂಷನ್ ಮಕ್ಕಳೆಲ್ಲ ಹೋದ ಮೇಲೆ ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯುತ್ತಿದ್ದಳು. ಆ ಹೊತ್ತಿಗೆ ನಾವೆಲ್ಲ ಏನಾದರೊಂದು ನೆಪ ಮಾಡಿ ಹಾಲಿನಿಂದ ಏಳುತ್ತಿದ್ದೆವು. ಬರಬರುತ್ತ ವಾರಕ್ಕೆರಡು ದಿನ ಮಾತ್ರ ಇಳಿದಳು. ಆಮೇಲೆ ಹಬ್ಬಕ್ಕೆ. ಅವಳು ಆಸೆಪಟ್ಟ ಕೋಣೆಯಲ್ಲೇ ಅವಳನ್ನು ಕೂಡಿಹಾಕಿದವನು ನಾನು.

ಕೆಲವು ವರ್ಷಗಳ ನಂತರ ಕಂದಾಯದ ಕೆಲಸಕ್ಕೆಂದು ಹಳೆಯ ಕಡತ ಹುಡುಕಿ ತೆಗೆದು, ಅವಳ ಟ್ಯೂಷನ್ ಮೇಜಿನ ಮೇಲೆ ನಕ್ಷೆ ಹರಡಿದ್ದೆ. ಮೂಲೆಯ ಚೌಕ, ಅದರೊಳಗೆ ಮೂರಡಿ ಎಂದು ಬರೆದದ್ದು, ಬದಿಯಲ್ಲಿ ಆ ಎಂಜಿನಿಯರರ ಸಹಿ. ಅಕ್ಕ ಬಗ್ಗಿ ನೋಡಿದಳು. ಈ ಚೌಕ ಏನು ಎಂದು ಕೇಳಿದಳು. ಲ್ಯಾಂಡಿಂಗು ಎಂದೆ, ಮೂರಡಿಗೆ ಆ ಎಂಜಿನಿಯರು ಹಟ ಹಿಡಿದದ್ದನ್ನೂ ಹೇಳಿದೆ.

ಅದರ ಮೇಲೆ ಬೆರಳಿಟ್ಟಳು.

"ಯಾರೋ ಗೊತ್ತಿಲ್ದೋರು ನಂಗೆ ಜಾಗ ಬಿಟ್ಟಿದ್ರು ಅಲ್ವೇನೋ" ಎಂದಳು.